ಮತಚೀಟಿಯ ಮೇಲೊಂದು ಶ್ರೀ

ಆ ಒಂದು ಅಕ್ಷರಕ್ಕೆ ತೆತ್ತ ಬೆಲೆ ಒಂದು ಸಂಸಾರದ ಸೂರು. ಬರೆದವರು ಒಳ್ಳೆಯದಾಗಲೆಂದೇ ಬರೆದಿದ್ದರು.

ತೊಂಬತ್ತರ ದಶಕದಲ್ಲಿ ನಾವಿದ್ದದ್ದು ಮರಾಠಿ ನಾಡಿನ ಕೋಥರೂಡದ ಒಂದು ವಸತಿ ಸೊಸೈಟಿಯಲ್ಲಿ. ಹಳೆಯ ಬಾಗಿಲು, ಕಿಟಕಿ ಕೊಂಡು ಮಾರುತ್ತ ಮೇಲೆ ಬಂದವನು ನಾನು. ಸದಸ್ಯರಲ್ಲಿ ಕನ್ನಡದ ಮನೆ ಎರಡೇ: ಒಂದು ನಮ್ಮದು, ಇನ್ನೊಂದು ವಿಜಾಪುರದ ಅರಿವೆ ವ್ಯಾಪಾರಿ ಕಾಕಾ ಅವರದು. ವಾಚ್‌ಮನ್ ಯಾದಗಿರಿ ಕಡೆಯವನು. ಮೆಟ್ಟಿಲ ಕೆಳಗಿನ ಖೋಲಿಯಲ್ಲಿ ಹೆಂಡತಿಯೊಂದಿಗೆ ಇದ್ದ.

ಆ ಸಲ ಅಧ್ಯಕ್ಷರಾಗಲು ಇಬ್ಬರು ನಿಂತರು. ಆ ಖೋಲಿ ಒಡೆದು ಸ್ಕೂಟರ್ ನಿಲ್ಲಿಸಲು ಜಾಗ ಮಾಡುತ್ತೇನೆಂದರು ಒಬ್ಬರು, ಬ್ಯಾಂಕಿನಲ್ಲಿ ಕೆಲಸದವರು. ಎದುರು ನಿಂತ ಶಾಲೆಯ ಟೀಚರ್, ಖೋಲಿ ಇರಲಿ ಎಂದರು. ಮನೆಗೊಂದು ಮತ. ನಾನು ಮಹಡಿ ಹತ್ತಿಳಿದು ಟೀಚರಿಗೆ ಮತ ಕೂಡಿಸಿದೆ.

ಎಣಿಸಿದವರು ಒಬ್ಬ ನಿವೃತ್ತ ಮರಾಠಿ ಗುಮಾಸ್ತರು. ಎರಡೂ ಕಡೆ ಸಮಸಮ ಬಂದು ಒಂದೇ ಚೀಟಿ ಉಳಿಯಿತು. ಅದನ್ನು ಬಿಡಿಸಿ ಎಲ್ಲರಿಗೂ ತೋರಿಸಿದರು. ಟೀಚರ ಹೆಸರಿನ ಮುಂದೆ ಗುರುತು ಸರಿಯಾಗಿಯೇ ಇತ್ತು. ಆದರೆ ಚೀಟಿಯ ನೆತ್ತಿಯಲ್ಲಿ ಕನ್ನಡದ 'ಶ್ರೀ'. ಅಂಗಡಿಯ ಬಿಲ್ಲಿರಲಿ, ಕಿರಾಣಿ ಯಾದಿಯಿರಲಿ, ಶ್ರೀ ಬರೆಯದೆ ಕಾಕಾ ಪೆನ್ನು ಓಡಿಸಿದವರಲ್ಲ.

"ಇದು ಬಾದ್, ಲೆಕ್ಕಕ್ಕಿಲ್ಲ," ಎಂದು ಗುಮಾಸ್ತರು ಚೀಟಿ ಬದಿಗಿಟ್ಟರು. "ಹಾಕಿದವರು ಯಾರೆಂದು ತಿಳಿಯುವ ಗುರುತಿದ್ದರೆ ನಡೆಯುವುದಿಲ್ಲ. ನಿಯಮ ಮೊದಲೇ ಓದಿ ಹೇಳಿದ್ದೆ."

ನಾನು ಮರಾಠಿಯಲ್ಲೇ ಚೌಕಾಸಿಗಿಳಿದೆ. "ನೀವೂ ಮನೆಯಲ್ಲಿ ಶ್ರೀ ಬರೆಯುತ್ತೀರಲ್ಲ ಸಾಹೇಬರೇ?"

"ಬರೆಯುತ್ತೇನೆ. ಆದರೆ ಇದನ್ನು ಬರೆದವರು ನೀವು, ಇಲ್ಲವೇ ಕಾಕಾ. ಮೂರನೆಯವರಂತೂ ಅಲ್ಲ."

ವಾದ ಅಲ್ಲಿಗೇ ಮುಗಿಯಿತು. ಕಾಕಾ ಎದ್ದು ನಿಂತು ನನ್ನತ್ತ ನೋಡಿ, "ನಂದ ಅದ ಅದು. ಚೊಲೋ ಆಗ್ಲಿ ಅಂತ ಬರದೆ," ಎಂದರು.

ಮತ ಸಮವಾದ್ದರಿಂದ ಇಬ್ಬರ ಹೆಸರು ಬರೆದು ಚೀಟಿ ಎತ್ತಿಸಿದರು. ಬ್ಯಾಂಕಿನವರು ಗೆದ್ದರು.

ಕಾಕಾ ನೇರವಾಗಿ ಖೋಲಿಗೆ ಹೋದರು. ನಾನೂ ಹಿಂದೆ ಹೋದೆ. ನಡೆದದ್ದನ್ನೆಲ್ಲ ಕೇಳಿ ವಾಚ್‌ಮನ್, "ಇರ್ಲಿ ಬಿಡ್ರಿ ಕಾಕಾರ. ದೇವರ ಹೆಸರ ಬರದೀರಿ, ಬೈಗುಳ ಬರದಿಲ್ಲಲ್ರಿ," ಎಂದ.

ಒಳಗಿನಿಂದ ಅವನ ಹೆಂಡತಿ, "ಆ ದೇವರಿಗೆ ನಮ್ಮ ಖೋಲೀನ ಬೇಕಾಗಿತ್ತೇನ್ರಿ?" ಎಂದಳು.

ಕಾಕಾ ತಲೆ ತಗ್ಗಿಸಿದರು. ಅಂಥ ಹೊತ್ತಿನಲ್ಲಿ ಅವರ ಮೇಲೆ ಸಿಟ್ಟಾಗುವುದು ನನ್ನಿಂದಾಗಲಿಲ್ಲ.

ಮರುದಿನ ಬ್ಯಾಂಕಿನವರ ಬಾಗಿಲು ತಟ್ಟಿದೆ. ಖೋಲಿ ಕೇಳಿದ್ದರೆ ಕೊಡುತ್ತಿರಲಿಲ್ಲ, ಸಮಯ ಕೇಳಿದೆ. ಮಳೆಗಾಲದಲ್ಲಿ ಗೋಡೆ ಒಡೆದರೆ ಮೊದಲು ಕೆಸರಾಗುವುದು ನಿಮ್ಮ ಸ್ಕೂಟರೇ ಎಂದೆ. ನಕ್ಕು, ದೀಪಾವಳಿಯವರೆಗೆ ಇರಲಿ ಎಂದರು. ಕೆಟ್ಟ ಮನುಷ್ಯನೇನಲ್ಲ. ಹಬ್ಬ ಮುಗಿದ ಮೇಲೆ ಗಂಡ ಹೆಂಡತಿ ಕಟ್ಟಡ ಕೆಲಸದವರ ತಗಡಿನ ಶೆಡ್ಡಿಗೆ ಹೋದರು. ಪಾತ್ರೆಯ ಚೀಲ ಹೊತ್ತು ರಿಕ್ಷಾದವರೆಗೆ ಹೋದವರು ಕಾಕಾ.

ಈಗ ನಿಮಗೊಂದು ಮಾತು. ಮತಚೀಟಿ ಕೈಗೆ ಬಂದಾಗ ಹೇಳಿದಷ್ಟೇ ಗುರುತು ಮಾಡಿ. ದೇವರನ್ನು ಮನಸ್ಸಿನಲ್ಲೇ ನೆನೆಯಿರಿ. ತಪ್ಪಾದರೆ ಪೆಟ್ಟಿಗೆಗೆ ಹಾಕುವ ಮೊದಲೇ ವಾಪಸು ಕೊಟ್ಟು ಬೇರೆಯದು ಕೇಳಿ, ನಾಚಿಕೆ ಬೇಡ. ಇನ್ನು ನನ್ನಂತೆ ಮತ ಕೇಳುತ್ತ ಓಡಾಡುವವರು ಯಾರಿಗೆ ಹಾಕಬೇಕೆಂದು ಹೇಳಿ ಬಂದರೆ ಸಾಲದು. ಹಿರಿಯರ ಕೈಗೊಂದು ಖಾಲಿ ಕಾಗದ ಕೊಟ್ಟು, ಹಾಕುವುದು ಹೇಗೆಂದು ಮಾಡಿಸಿ ನೋಡಿಯೇ ಎದ್ದು ಬನ್ನಿ.