ಪಟ್ಟೆಯಕ್ಕ ಬರೆದುಕೊಟ್ಟ ಚೀಟಿ

ಬೀದಿಯವರೆಲ್ಲ ಅವಳನ್ನು ಪಟ್ಟೆಯಕ್ಕ ಎಂದು ಕರೆಯುವಂತೆ ಮಾಡಿದವನು ಅವಳ ಅಕ್ಕನ ಗಂಡ.

ಆಗ ಅವಳು ಭಾವನ ಸ್ಟುಡಿಯೋದಲ್ಲಿ ಫೋಟೋ ಪ್ರಿಂಟ್ ತೆಗೆಯುತ್ತಿದ್ದಳು. ಶಾಲೆಯ ಹೆಡ್‌ಮಿಸ್ ನಿವೃತ್ತರಾಗುವ ಸಮಾರಂಭಕ್ಕೆ ಅವರದೊಂದು ದೊಡ್ಡ ಕಪ್ಪುಬಿಳುಪು ಚಿತ್ರ ಬೇಕಿತ್ತು. ಪ್ರಿಂಟ್ ಹೊರಬಂದಾಗ ಎರಡೂ ಕಣ್ಣುಗಳ ಮೇಲೆ ಅಡ್ಡಲಾಗಿ ಒಂದು ಸಣ್ಣ ಬಿಳಿ ಗೆರೆ. “ಇನ್ನೊಂದು ಹಾಳೆ ಕೊಡಿ ಭಾವ, ಮತ್ತೆ ತೆಗೀತೀನಿ” ಎಂದಳು. “ದೂರದಿಂದ ಯಾರಿಗೆ ಕಾಣತ್ತೆ? ಫ್ರೇಮ್ ಹಾಕು” ಎಂದವನು ಅವನೇ.

ಎಲ್ಲರಿಗೂ ಕಂಡಿತು. ತುಂಬಿದ ಸಭೆಯಲ್ಲಿ ಭಾವ ಮೈಕ್ ಹಿಡಿದು, “ಇದು ನಮ್ಮ ನಾದಿನಿ ಕೆಲಸ. ಮನುಷ್ಯರ ಫೋಟೋ ಕೊಟ್ರೆ ಹುಲಿ ಮಾಡಿ ಕೊಡ್ತಾಳೆ!” ಎಂದ. ಸಭೆ ಗೊಳ್ಳೆಂದಿತು. ಮರುದಿನ ಹಾಲಿನಂಗಡಿಯವನೇ, “ಏನ್ ಪಟ್ಟೆಯಕ್ಕಾ, ಎಷ್ಟು ಬೇಕು?” ಎಂದು ಕೇಳಿದ.

ಅವಳು ಮತ್ತೆ ಸ್ಟುಡಿಯೋದ ಮೆಟ್ಟಿಲು ಹತ್ತಲಿಲ್ಲ. ಯಾರೋ ಮೂಲೆಗೆ ತಳ್ಳಿದ್ದ ಹಳೆಯ ಪ್ರಿಂಟರ್ ಒಂದನ್ನು ತಂದು ಮನೆಯ ಮುಂದಿನ ಕೋಣೆಯಲ್ಲಿ ಇಟ್ಟುಕೊಂಡಳು. ಒಂದೇ ಒಂದು ಗೆರೆಯೂ ಇಲ್ಲದ ಚಿತ್ರ ತೆಗೆಯಬೇಕು, ಅದನ್ನು ನೋಡಿ ಅವನ ಹೊಟ್ಟೆ ಉರಿಯಬೇಕು. ಬೇರೆ ಆಸೆ ಇರಲಿಲ್ಲ.

ಬಣ್ಣದ ಚಿತ್ರ ಎಷ್ಟೋ ತಪ್ಪುಗಳನ್ನು ಮುಚ್ಚಿಕೊಳ್ಳುತ್ತದೆ. ಕಪ್ಪುಬಿಳುಪಿಗೆ ಆ ದಾಕ್ಷಿಣ್ಯವಿಲ್ಲ. ಹಾಳೆ ಕೂದಲೆಳೆಯಷ್ಟು ಹೆಚ್ಚು ಸರಿದರೆ ಬಿಳಿ ಗೆರೆ, ಕಡಿಮೆ ಸರಿದರೆ ಕಪ್ಪು ಗೆರೆ. ಬೆಳಿಗ್ಗೆ ಎದ್ದ ಕೂಡಲೇ ಪರೀಕ್ಷೆಯ ಪುಟವೊಂದನ್ನು ತೆಗೆದು, ಶಾಯಿ ಯಂತ್ರದ ಎಲ್ಲ ಸಣ್ಣ ತೂತುಗಳಿಂದಲೂ ಬರುತ್ತಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುತ್ತಿದ್ದಳು. ಒಳಗಿನ ರಬ್ಬರ್ ಉರುಳೆಗಳ ಮೇಲೆ ಕಾಗದದ ಧೂಳು ಕೂತರೆ ಹಾಳೆ ಜಾರುತ್ತದೆಂದು ತಿಳಿದು, ಒದ್ದೆ ಬಟ್ಟೆಯಿಂದ ಒರೆಸಿದಳು. ಸುರುಳಿಗೊಂಡ ದಪ್ಪ ಹಾಳೆಗಳನ್ನು ಹಲಗೆಯಡಿ ಇಟ್ಟು ಚಪ್ಪಟೆ ಮಾಡಿದಳು. ಒಂದೊಂದೇ ಹಾಳೆ, ನಿಧಾನದ ವೇಗ. ಗೆರೆಗಳು ಒಂದೊಂದಾಗಿ ಹೋದವು.

ಒಂದು ಮಾತ್ರ ಹೋಗಲಿಲ್ಲ. ಹಾಳೆಯ ಮೇಲಂಚಿನಿಂದ ನಾಲ್ಕು ಬೆರಳು ಕೆಳಗೆ, ಪ್ರತಿ ಸಲವೂ ಅದೇ ಬಿಳಿ ಗೆರೆ.

ಅದು ಹೋದದ್ದು ಫೋನ್ ಬಂದ ದಿನ. ಪ್ರಿಂಟ್ ನಡೆಯುತ್ತಿರುವಾಗಲೇ ಎದ್ದುಹೋಗಿ ಮಾತಾಡಿ ಬಂದಳು. ಹಾಳೆ ಟ್ರೇಯಲ್ಲಿ ಬಿದ್ದಿತ್ತು, ತೊಳೆದಿಟ್ಟಂತೆ ಶುಭ್ರ. ಇನ್ನೊಂದು ಹಾಕಿ ಪಕ್ಕದಲ್ಲೇ ನಿಂತಳು. ಗೆರೆ ಬಂತು. ಮೂರನೆಯದಕ್ಕೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಬರಲಿಲ್ಲ.

ಹೊರಬರುವ ಹಾಳೆ ಎಲ್ಲಿ ಬಾಗೀತೋ ಎಂದು ಅವಳು ಅದರ ತುದಿಗೆ ಬೆರಳು ಕೊಡುತ್ತಿದ್ದಳು. ಹಸುಗೂಸಿನ ಕತ್ತಿನ ಕೆಳಗೆ ಕೈಯಿಡುವ ಹಾಗೆ. ಆ ಸ್ಪರ್ಶಕ್ಕೇ ಹಾಳೆ ಎಳೆಯಷ್ಟು ಮುಂದೆ ಜಾರುತ್ತಿತ್ತು. ಹೆಡ್‌ಮಿಸ್ಸಿನ ಕಣ್ಣ ಮೇಲೆ ಗೆರೆ ಎಳೆದದ್ದೂ ಇದೇ ಬೆರಳು. ಅಂದು ಮಧ್ಯಾಹ್ನವೆಲ್ಲ ಅವಳು ಸುಮ್ಮನೆ ಕೂತಿದ್ದಳು. ಆಮೇಲೆ ಎದ್ದು ಮುಖ ತೊಳೆದುಕೊಂಡಳು. ಗೆರೆ ತನ್ನದೇ, ಒಪ್ಪಿದಳು. ಸಭೆಯ ಆ ನಗು ಮಾತ್ರ ಅವನದು. ಗೊತ್ತಾದದ್ದನ್ನು ಯಾರಿಗೂ ಹೇಳಲಿಲ್ಲ.

ಎರಡು ವರ್ಷದಲ್ಲಿ ಕಪ್ಪುಬಿಳುಪು ಬೇಕೆಂದವರೆಲ್ಲ ಅವಳ ಬಾಗಿಲಿಗೆ ಬಂದರು. ಹೆಸರು ಮಾತ್ರ ಪಟ್ಟೆಯಕ್ಕ ಎಂದೇ ಉಳಿಯಿತು.

ಕಡೆಗೊಂದು ದಿನ ಭಾವನೂ ಬಂದ. ಸ್ಟುಡಿಯೋದಲ್ಲಿ ಪ್ರಿಂಟ್ ತೆಗೆಯುವುದು ಈಗ ಅವನೇ. ಕಂಕುಳಲ್ಲಿ ಹಾಳೆಗಳ ಲಕೋಟೆ, ಮುಖದಲ್ಲಿ ಹಲ್ಲುನೋವಿನ ಕಳೆ.

“ಹೊಸಾ ಮೆಷಿನ್ ಕಣಮ್ಮಾ. ಆದ್ರೂ ಗೆರೆ. ಫೋಟೋಗ್ರಾಫರ್‌ಗಳ ಪ್ರದರ್ಶನಕ್ಕೆ ಹತ್ತು ಚಿತ್ರ ಕೊಡ್ಬೇಕು, ಮರ್ಯಾದೆ ಪ್ರಶ್ನೆ.”

“ಮರ್ಯಾದೆ ನಿಮ್ಗೂ ಇದೆಯಾ ಭಾವ?”

“ಚುಚ್ಚು, ಚುಚ್ಚು. ಹಳೇದೆಲ್ಲ ಇನ್ನೂ ತಲೇಲಿ ಇಟ್ಕೊಂಡಿದೀಯಾ?”

“ಎಲ್ಲಿಡ್ಲಿ ಮತ್ತೆ? ಬೀದಿಗೆಲ್ಲ ಹಂಚಿದವರು ನೀವು.”

ಅವನು ಕೆಮ್ಮಿದ. ಅವಳು ಅವನು ಪ್ರದರ್ಶನಕ್ಕೆ ಆರಿಸಿದ್ದ ಮುದುಕನೊಬ್ಬನ ಚಿತ್ರವನ್ನೇ ತನ್ನ ಯಂತ್ರಕ್ಕೆ ಕೊಟ್ಟು, “ನೀವೇ ತೆಗೀರಿ, ನೋಡೋಣ” ಎಂದು ಸರಿದು ನಿಂತಳು. ಹಾಳೆ ಇಣುಕಿತೋ ಇಲ್ಲವೋ, ಅವನ ಬಲಗೈ ತಾನಾಗಿ ಮುಂದೆ ಹೋಯಿತು. ಎರಡು ಬೆರಳು, ಮೃದುವಾಗಿ, ತುದಿಗೆ. ಅವಳ ಬಾಯಿಗೆ ಮಾತು ಬಂತು. ಹಲ್ಲು ಕಚ್ಚಿ ನುಂಗಿದಳು. ಚಿತ್ರದ ಮುದುಕನ ನಗುವಿನ ಮೇಲೆ ಬಿಳಿ ಗೆರೆ ಬಿತ್ತು.

“ನೋಡಿದ್ಯಾ? ಇಲ್ಲೂ ಬಂತು! ನನ್ನ ಹಣೆಬರಹ.”

“ಹಣೆಬರಹ ಅಲ್ಲ. ಕಲೀಬೇಕು ಭಾವ. ಬರೆದುಕೊಡ್ತೀನಿ ಇರಿ.”

ದುಂಡಗಿನ ಅಕ್ಷರದಲ್ಲಿ ಒಂದು ಇಡೀ ಪುಟ ಬರೆದುಕೊಟ್ಟಳು. ಪರೀಕ್ಷೆಯ ಪುಟ, ಉರುಳೆ, ಹಲಗೆ, ವೇಗ, ಹಾಳೆ ಸರಿಯುವ ಅಳತೆ. ಬರೆದದ್ದೆಲ್ಲ ನಿಜ. ಒಂದನ್ನು ಬರೆಯಲಿಲ್ಲ. ಅವನು ಚೀಟಿಯನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡು, “ದೊಡ್ಡ ಮನಸ್ಸು ನಿಂದು” ಎಂದ. ಬಾಗಿಲು ಹಾಕಿದ ಮೇಲೆ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

ಹನ್ನೆರಡು ದಿನಗಳ ನಂತರ ಅಕ್ಕ ಫೋನ್ ಮಾಡಿದಳು. ಪ್ರದರ್ಶನಕ್ಕೆ ಇನ್ನು ಎರಡೇ ದಿನ.

“ನೀ ಬರೆದಿದ್ದೆಲ್ಲ ಮಾಡಿದ್ರು ಕಣೇ. ಬೇರೆ ಗೆರೆ ಎಲ್ಲಾ ಹೋಯ್ತಂತೆ. ಒಂದು ಮಾತ್ರ ಹೋಗ್ತಾನೇ ಇಲ್ಲ. ಊಟ ನಿದ್ದೆ ಬಿಟ್ಟು ಮೆಷಿನ್ ಮುಂದೆ ನಿಂತಿರ್ತಾರೆ. ಬರೋ ಹಾಳೇನ ಎರಡೂ ಕೈಯಲ್ಲಿ ಹಿಡ್ಕೊಂಡು, ಪಾಪ. ನೋಡೋಕಾಗಲ್ಲ. ಏನಾದ್ರೂ ಮರೆತಿದ್ಯಾ?”

ತಂಗಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡಳು. ಅಕ್ಕನ ದನಿ ಒದ್ದೆಯಾಗಿತ್ತು. ಆ ಸಭೆಯಲ್ಲಿ ನಗದೆ ಕೂತವಳು ಅವಳೊಬ್ಬಳೇ.

“ಏನೂ ಮರೆತಿಲ್ಲಕ್ಕ” ಎಂದಳು. “ಕೈ ಬಿಡಬೇಡಿ ಅಂತ ಹೇಳು ಭಾವನಿಗೆ. ಗಟ್ಟಿಯಾಗಿ ಹಿಡ್ಕೊಳ್ಳಲಿ.”