ಬೆನ್ನು ತಿರುಗಿಸಿದ ಅಕ್ಕೋರು

ಕಸ್ತೂರಿ ಅಕ್ಕೋರು ಸೆರಗನ್ನು ಸೊಂಟಕ್ಕೆ ಸಿಗಿಸಿ ಬರಿಗಾಲಲ್ಲಿ ಮೈದಾನಕ್ಕಿಳಿದರೆ ಗುಡಗೇರಿ ಸಂತೆಗೆ ಹೊರಟವರೂ ಬೇಲಿಯ ಬಳಿ ನಿಂತುಬಿಡುತ್ತಿದ್ದರು. ಹೈಸ್ಕೂಲಿನ ಹುಡುಗಿಯರಿಗೆ ಖೋಖೋ ಕಲಿಸುವ ಹೆಂಗಸನ್ನು ಎಂಬತ್ತರ ದಶಕದ ನಮ್ಮೂರು ಅದೇ ಮೊದಲು ನೋಡಿದ್ದು. ಜನ ಏನೇನೋ ಆಡಿಕೊಂಡರು. ಅಕ್ಕೋರು ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ತಂಡಕ್ಕೆ ಸೇರಿದ ಹೊಸದರಲ್ಲಿ ನನ್ನನ್ನು ಹಿಂಡಿ ಹಿಪ್ಪೆ ಮಾಡಿದರು. "ಸುನಂದಾ, ಕುಂಡ್ರು. ಖೋ ಬೀಳೂತನಾ ಏಳಬ್ಯಾಡ. ಯಾಕ ಅಂತ ಕೇಳಬ್ಯಾಡ!" ನನಗೋ ಬೆನ್ನ ಮೇಲೆ ಕೈ ಬೀಳುವ ಮೊದಲೇ ಎದ್ದುಬಿಡುವ ಚಟ. ನೀಲವ್ವ ಚೆನ್ನಾಗಿ ಆಡಬಲ್ಲವಳು, ಆದರೆ ಒಮ್ಮೆ ಬಿದ್ದು ಹಲ್ಲು ಮುರಿದುಕೊಂಡ ಮೇಲೆ ಪುಕ್ಕಲಾಗಿದ್ದಳು. ಅಕ್ಕೋರು ಅವಳ ಪಕ್ಕ ಮಣ್ಣಲ್ಲೇ ಕೂತು, "ನಿನಗ ಹ್ಯಾಂಗ ಅನಸ್ತೈತಿ ನೀಲಾ? ಕಂಬದ ಬಾಜು ಹಾದು ಹೋಗೂಣೇನು?" ಎನ್ನುತ್ತಿದ್ದರು. ಇನ್ನು ಗಿರಿಜಾ, ತಂಡದಲ್ಲೇ ಹಳಬಳು. ಅವಳು ಆಡುವಾಗ ಅಕ್ಕೋರು ಬೆನ್ನು ತಿರುಗಿಸಿ ಬೇವಿನ ಮರ ನೋಡುತ್ತ ನಿಲ್ಲುತ್ತಿದ್ದರು. ಅವಳಿಗೊಂದು ಬೈಗುಳವೂ ಇಲ್ಲವೆಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಹೆಡ್‌ಮಾಸ್ತರರಿಗೂ ಇದು ಸರಿಬರಲಿಲ್ಲ. ನಮ್ಮೆದುರೇ ಬಂದು, "ಇದು ಪಕ್ಷಪಾತ, ಅಕ್ಕೋರ. ಶಿಸ್ತು ಅಂದ್ರ ಎಲ್ಲಾರಿಗೂ ಒಂದ ಇರಬೇಕು" ಎಂದರು.

"ನಿನ್ನೆ ಬಂದಾಕಿಗೂ ಕಲತಾಕಿಗೂ ಒಂದ ಮಾತ ಹ್ಯಾಂಗ ಹೇಳಲ್ರಿ ಸರ್? ಕಲತಾಕಿ ಬೆನ್ನ ಹತ್ತಿ ಒದರಿದ್ರ ಅದು ಶಿಸ್ತಲ್ರಿ, ಕಾಟ."

ಹೆಡ್‌ಮಾಸ್ತರರ ಮುಖ ಕೆಂಪಾಯಿತು. "ಕುಂದಗೋಳದ ಪಂದ್ಯದಾಗ ಸೋತು ಬರ್ರಿ, ಹುಡಿಗ್ಯಾರ ಆಟಾನ ಬಂದ್ ಮಾಡ್ತೀನಿ" ಎಂದು ಹೋದರು.

ಬರಬರುತ್ತ ನನಗೆ ಬೈಗುಳ ಕಡಿಮೆಯಾಯಿತು, ಪ್ರಶ್ನೆಗಳು ಶುರುವಾದವು. ಪಂದ್ಯದ ಹೊತ್ತಿಗೆ ಗಿರಿಜಾ ಮದುವೆಯಾಗಿ ಹೋಗಿದ್ದಳು. "ಸುನಂದಾ, ಇವತ್ತ ನೀ ನಾಯಕಿ" ಎಂದರು ಅಕ್ಕೋರು.

ಕೊನೆಯ ಸರದಿ. ಬೆನ್ನಟ್ಟುತ್ತಿದ್ದವಳು ನಾನು. ಇನ್ನೊಬ್ಬಳನ್ನು ಮುಟ್ಟಿದರೆ ಗೆದ್ದಂತೆ. ಗೆರೆಯಾಚೆ ಹೆಡ್‌ಮಾಸ್ತರರು ಕೂಗುತ್ತಿದ್ದರು: "ಓಡಲೇ ಸುನಂದಾ, ನೀನ ಹಿಡಿ!" ನಾನು ಅಕ್ಕೋರ ಕಡೆ ನೋಡಿದೆ. ಅವರು ಬೆನ್ನು ತಿರುಗಿಸಿ ನಿಂತಿದ್ದರು. ಮೊದಲು ಅಳು ಬಂತು. ಆಮೇಲೆ ಎಲ್ಲಿಂದಲೋ ಧೈರ್ಯ ಬಂತು. ಹೆಡ್‌ಮಾಸ್ತರರು ಕೂಗುತ್ತಲೇ ಇರಲಿ ಎಂದು ಕಂಬದ ಬಳಿಯ ನೀಲವ್ವನಿಗೆ ಖೋ ಕೊಟ್ಟೆ. ಅವಳು ಹೆದರಿಕೆ ಮರೆತು ಹಾರಿದಳು. ಎದುರಿನವಳು ಗೇಣಿನಷ್ಟರಲ್ಲಿ ತಪ್ಪಿಸಿಕೊಂಡಳು. ಸೀಟಿ ಊದಿದರು. ಸೋತಿದ್ದೆವು.

"ನಾ ಹೇಳಿದ್ದು ಕೇಳಿದ್ರ ಗೆಲ್ತಿದ್ರಿ! ನೀಲವ್ವಗ ಯಾಕ ಖೋ ಕೊಟ್ಟಿ?" ಹೆಡ್‌ಮಾಸ್ತರರು ಹರಿಹಾಯ್ದರು.

"ನಾ ಇದ್ದಿದ್ರೂ ನೀಲಾಗ ಕೊಡ್ತಿದ್ದೆ. ಸುನಂದಾ ಬರೋಬ್ಬರಿ ಮಾಡ್ಯಾಳ" ಎಂದು ಅಕ್ಕೋರು ಎಲ್ಲರೆದುರು ನನ್ನ ಹೆಗಲ ಮೇಲೆ ಕೈಯಿಟ್ಟರು. ಆವತ್ತಿನಷ್ಟು ಹೆಮ್ಮೆ ನನಗೆ ಗೆದ್ದಾಗಲೂ ಆಗಿಲ್ಲ.

ಆಟ ಬಂದ್ ಆಯಿತು. ಅಕ್ಕೋರಿಗೆ ದೂರದೂರಿಗೆ ವರ್ಗವಾಯಿತು. ಗುಡಗೇರಿ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿ ಹಿಡಿದು ಕೇಳಿದೆ: "ಅಕ್ಕೋರ, ಇನ್ನ ನಾವೇನ ಮಾಡೂದ್ರಿ?"

ಅವರು ಒಂದು ಗಳಿಗೆ ನನ್ನನ್ನೇ ನೋಡಿದರು. ಕಣ್ಣು ತುಂಬಿತ್ತು. ಆಮೇಲೆ ನನಗೆ ಬೆನ್ನು ತಿರುಗಿಸಿ ಕೂತರು. ರೈಲು ಹೊರಟಿತು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಮರುದಿನ ನೀಲವ್ವನ ಅಪ್ಪನ ಕಣದಲ್ಲಿ ಎಲ್ಲರೂ ಸೇರಿದೆವು. ರಾಶಿ ಮಾಡಲು ನೆಟ್ಟಿದ್ದ ಮೇಟಿಯೇ ಒಂದು ಕಂಬವಾಯಿತು, ಇನ್ನೊಂದನ್ನು ನೀಲವ್ವ ನೆಟ್ಟಳು. ಹೊಸದಾಗಿ ಬಂದಿದ್ದ ಹುಡುಗಿಯೊಬ್ಬಳು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಿದ್ದಳು.

"ಇಲ್ಲೆ ಕುಂಡ್ರು" ಎಂದೆ. "ಯಾಕ ಅಂತ ಕೇಳಬ್ಯಾಡ."