ಕಾಕನ ಪಾಲಿನ ರೊಟ್ಟಿ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹಂಚಿನ ಮೇಲೆ ಬೇಯುವಾಗ ಒಂದು ವಾಸನೆ ಏಳುತ್ತದೆ. ನಿನ್ನೆ ಸಂಜೆ ಅದು ಎದ್ದ ಹೊತ್ತಿಗೇ ಟೀವಿಯವನೊಬ್ಬ ಗಂಟಲು ಹರಿದುಕೊಳ್ಳುತ್ತಿದ್ದ. ಎಲ್ಲೋ ದೂರದ ದೇಶದಲ್ಲಿ ಸೈನ್ಯ ಗಡಿ ದಾಟಿ ಒಳನುಗ್ಗಿದೆಯಂತೆ, ಯುದ್ಧದ ದಿಕ್ಕೇ ಬದಲಾಯಿತಂತೆ! ಅವನಿಗೇನು, ಕೂಗಿ ಮನೆಗೆ ಹೋಗುತ್ತಾನೆ. ನಾನು ಮಾತ್ರ ಡಿ. ಹಿರೇಹಾಳಿನ ಈ ಅಡುಗೆಮನೆಯಿಂದ ತೇಲುತ್ತ ತೇಲುತ್ತ ರಾಯದುರ್ಗದ ತವರಿನ ಓಣಿಗೆ ಹೋಗಿಬಿಟ್ಟೆ...

ಅಲ್ಲಿ ಎದುರುಮನೆಯ ಚಿಗವ್ವ ಇದ್ದಳು. ರಕ್ತಸಂಬಂಧವೇನಲ್ಲ, ಕರೆದು ಕರೆದು ಆದ ಚಿಗವ್ವ. ಅವಳ ಗಂಡ, ನಮಗೆಲ್ಲ ಕಾಕ, ಮಿಲಿಟರಿಯಲ್ಲಿದ್ದ. ಅವನು ಬಾಂಗ್ಲಾ ಲಡಾಯಿಗೆ ಹೋದ ಮೇಲೆ ಚಿಗವ್ವ ದಿನವೂ ಬಡಿದ ಮೊದಲ ರೊಟ್ಟಿಯನ್ನು ಖಡಕ್ಕಾಗಿ ಸುಟ್ಟು ಬಿದಿರ ಬುಟ್ಟಿಯಲ್ಲಿ ಎತ್ತಿಡುತ್ತಿದ್ದಳು. ಪಾಲು ಎತ್ತಿಟ್ಟರೆ ಉಣ್ಣುವವನು ಬಂದೇ ಬರುತ್ತಾನೆಂದು ಅವಳ ನಂಬಿಕೆ. ನಾನು ಕೈ ಚಾಚಿದರೆ, "ಮುಟ್ಟಬ್ಯಾಡ ಯವ್ವಾ, ನಿಮ್ಮ ಕಾಕಾಂದು" ಎಂದು ನಗುತ್ತಲೇ ಗದರುತ್ತಿದ್ದಳು.

ಒಂದು ದಿನ ರೇಡಿಯೊ ಕೇಳಿದ ನಮ್ಮಪ್ಪ ಬೀದಿಗೆ ಓಡಿಬಂದ.

"ನಮ್ಮೋರು ಗಡಿ ದಾಟಿ ಒಳಗ ಹೊಕ್ಕಾರಂತ ತಂಗೀ! ಇನ್ನ ಲಡಾಯಿ ನಮ್ದ!"

ಓಣಿಗೆ ಓಣಿಯೇ ಕುಣಿಯಿತು. ಚಿಗವ್ವ ಹಿಟ್ಟಿನ ಕೈಯಲ್ಲೇ ನಿಂತು ಕೇಳಿದಳು: "ಹೊಕ್ಕೋರಾಗ ಮುಂದ ಇರೋರು ಯಾರ್ರಿ, ಅಣ್ಣಾರ?"

ಅಪ್ಪ ಮತ್ತೆ ರೇಡಿಯೊದ ಕಡೆ ಓಡಿದ.

ಅಪ್ಪ ಅಂದದ್ದೇನೋ ಖರೆಯಾಯಿತು. ಶತ್ರು ಶರಣಾದ ಸುದ್ದಿ ಬಂದ ದಿನ ಚಿಗವ್ವನ ಮುಖ ನೋಡಬೇಕಿತ್ತು! ಬುಟ್ಟಿಯನ್ನೇ ಕಟ್ಟೆಗೆ ಹೊತ್ತು ತಂದಳು. "ತಿನ್ರಿ, ಎಲ್ಲಾರೂ ತಿನ್ರಿ! ಅವ್ರು ಬಂದ್ರ ಬಿಸಿವು ಬಡೀತೀನಿ." ಬೆಲ್ಲ, ಶೇಂಗಾ ಚಟ್ನಿಪುಡಿ ಹಚ್ಚಿಕೊಂಡು ಕಟಕಟ ಕಡಿದೆವು. ಎಂಥ ರುಚಿ ಅದು...

ಆಮೇಲೆ ತಾರು ಬಂತು. ಸೈನ್ಯ ಒಳಹೊಕ್ಕ ದಿನವೇ ಕಾಕ ಹೋಗಿಬಿಟ್ಟಿದ್ದ. ಮುಂದಿನ ಸಾಲಿನಲ್ಲಿದ್ದನಂತೆ.

"ಅವ್ರ ಪಾಲು ನಾನಽ ಹಂಚಿಬಿಟ್ನೆಲ್ಲೋ ಯಪ್ಪಾ!" ಎಂದು ಚಿಗವ್ವ ಎದೆ ಬಡಿದುಕೊಂಡಳು. ರೊಟ್ಟಿ ಹಂಚುವ ಮೊದಲೇ ಅವನು ತೀರಿಹೋಗಿದ್ದನೆಂದು ಓಣಿಯವರೆಲ್ಲ ಹೇಳಿದರು, ತಾರು ಮತ್ತೆ ಮತ್ತೆ ಓದಿದರು. ಊಹೂಂ, ಅವಳ ಎದೆಗೆ ಇಳಿಯಲಿಲ್ಲ. ಸಾಯುವ ತನಕವೂ ಇಳಿಯಲಿಲ್ಲ ಪಾಪ.

ಚಿಗವ್ವ ಹೋಗಿ ಎಷ್ಟೋ ವರ್ಷವಾಯಿತು. ಆ ಓಣಿಯಲ್ಲೀಗ ಜೀನ್ಸ್ ಹೊಲಿಯುವ ಮಿಷನ್ನುಗಳ ಸದ್ದು. ಅವಳ ಬಳೆಯ ಸದ್ದು ನನ್ನ ಕಿವಿಯಲ್ಲಷ್ಟೇ ಉಳಿದಿದೆ...

ನಿನ್ನೆ ಟೀವಿ ಕೂಗುತ್ತಲೇ ಇತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿ ಒಳಗೆ ಬಂದಳು. "ಅಜ್ಜೀ, ಗೆಲ್ತಾರಂತ! ರೊಟ್ಟಿ ಕೊಡು."

ಎರಡನೆಯದನ್ನು ಮುರಿದು ಕೊಟ್ಟೆ. ಮೊದಲನೆಯದು ಒಲೆಯ ಪಕ್ಕದಲ್ಲೇ ಇತ್ತು. ಅದನ್ನು ಯಾರಿಗೂ ಕೊಡಲು ನನಗೆ ಕೈ ಬರಲಿಲ್ಲ.